ಶಾಲೆಯ ಬಾಗಿಲು ಪೇಟೆಗೆ ಹೋದದ್ದು

ಪುಸ್ತಕ ಬೈಂಡ್ ಮಾಡುವವನ ಹೆಂಡತಿಗೆ ಒಂದು ಕೆಟ್ಟ ಚಟವಿತ್ತು. ಓದುವುದು. ಕತೆ ಕಾದಂಬರಿ ಓದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ, ಆಕೆ ಓದುತ್ತಿದ್ದದ್ದು ಸರ್ಕಾರದ ನಿಯಮಾವಳಿ. ಕಚೇರಿಗಳಿಂದ ಹೊಲಿಗೆಗೆ ಬಂದ ದಪ್ಪ ದಪ್ಪ ಪುಸ್ತಕಗಳನ್ನು ಆತ ಹೊಲಿಯುವ ಮುಂಚೆ ಆಕೆ ಓದಿ ಮುಗಿಸುತ್ತಿದ್ದಳು. ಬರೆದವರೇ ತಿರುಗಿ ನೋಡದ ಪುಸ್ತಕಗಳು ಅವು.

ಆಕೆ ಆ ಬೀದಿಯ ಶಾಲೆಯ ಹೆಡ್‌ಮೇಡಂ. ಇಪ್ಪತ್ತು ವರ್ಷದಿಂದ ದೇಶದ ಕುರ್ಚಿ ಬಿಡದ ದೊಡ್ಡವರು ‘ಇನ್ನೂ ಹತ್ತು ವರ್ಷ ನಾನೇ ಇರಲೇ?’ ಎಂದು ಜನರನ್ನು ಕೇಳುವ ಶಾಸ್ತ್ರ ಮಾಡಿದಾಗ, ಶಾಲೆಯೇ ಮತಗಟ್ಟೆಯಾಯಿತು, ಆಕೆಯೇ ಅಧಿಕಾರಿಯಾದಳು. ಚೀಟಿಯಲ್ಲಿ ಎರಡೇ ಮಾತು: ಹೌದು, ಬೇಡ. ಉತ್ತರ ಏನೆಂದು ರೇಡಿಯೋದವರಿಗೆ ಮೊದಲೇ ಗೊತ್ತಿತ್ತು. ಮತ ಹಾಕುವವರಿಗೆ ಮಾತ್ರ ತಿಳಿಸಬೇಕಿತ್ತು, ಅಷ್ಟೆ.

ಸಂಜೆ ಐದಕ್ಕೆ ಎಣಿಕೆ ಮುಗಿಸಿ ಆಕೆ ಗಂಡನ ಅಂಗಡಿಗೆ ಬಂದಳು. ಕೈಯಲ್ಲಿ ಒಂದು ದೊಡ್ಡ ಹಾಳೆ.

“ಏನ್ರೀ, ಅಂಟು ಇದೆಯಾ? ಇದನ್ನ ಶಾಲೆ ಬಾಗಿಲಿಗೆ ಅಂಟಿಸ್ಬೇಕು. ಹದಿನೇಳನೇ ನಿಯಮ. ಮೂರು ದಿನ ಇರ್ಬೇಕು.”

“ಬೇರೆ ಮತಗಟ್ಟೆಯವರು ಅಂಟಿಸಿದ್ರಾ?”

“ಅವರು ಓದಿಲ್ಲ.”

“ಅಂಟಿಸ್ಬೇಡಿ ಅಂತ ನಿನಗೆ ಯಾರೂ ಹೇಳ್ಲಿಲ್ವೇ?”

“ಹೇಳಿದ್ರು. ಬರೆದು ಕೊಡಿ ಅಂದೆ. ಬರೆದು ಕೊಡೋಕೆ ಭಯವಂತೆ.”

ಆತ ಹಾಳೆ ನೋಡಿದ. ಹಿಂದಿನ ಬೆಂಚಿನ ಮಕ್ಕಳಿಗೂ ಕಾಣುವ ಹಾಗೆ ಕರಿಹಲಗೆಯ ಮೇಲೆ ಬರೆದೂ ಬರೆದೂ ದಪ್ಪಗಾದ ಅಕ್ಷರ. ಹೌದು: ೩೮. ಬೇಡ: ೪೧೭. ಕೆಳಗೆ ಆಕೆಯ ಸಹಿ.

ಅವನು ಹಾಳೆಯನ್ನು ತಟ್ಟನೆ ಮಗುಚಿ ಇಟ್ಟ. ಕಾರಣ ಸಹಿಯಲ್ಲ. ಅಂದು ಬೆಳಿಗ್ಗೆ ಚೀಟಿ ಹಿಡಿದು ಪರದೆಯ ಹಿಂದೆ ನಿಂತಾಗ ಅವನು ಹೀಗೆ ಯೋಚಿಸಿದ್ದ: ಊರೆಲ್ಲ ಹೌದು ಅನ್ನುತ್ತೆ. ಬೇಡ ಅನ್ನುವವಳು ನನ್ನ ಹೆಂಡತಿಯೊಬ್ಬಳೇ. ಒಂದೇ ಒಂದು ‘ಬೇಡ’ ಬಂದರೆ ಯಾರದ್ದೆಂದು ಹುಡುಕುವುದು ಕಷ್ಟ, ಎರಡು ಬಂದರೆ ನೇರ ನಮ್ಮ ಮನೆಗೇ ಬರುತ್ತಾರೆ. ಹೀಗೆ ತನಗೆ ತಾನೇ ಬುದ್ಧಿವಂತನಾಗಿ ‘ಹೌದು’ಗೆ ಮುದ್ರೆ ಒತ್ತಿ ಬಂದಿದ್ದ. ಈಗ ನೋಡಿದರೆ ಊರಿಗೆ ಊರೇ ಬೇಡ ಅಂದಿದೆ. ಪುಕ್ಕಲರ ಪಟ್ಟಿ ಬರೀ ಮೂವತ್ತೆಂಟು. ಅದರಲ್ಲಿ ತಾನೊಬ್ಬ.

ಹೆಂಡತಿಗೆ ಗೊತ್ತಾದರೆ? ಮೂವತ್ತು ವರ್ಷ ಒಂದೇ ಲೋಟದಲ್ಲಿ ಚಹಾ ಹಂಚಿಕೊಂಡು ಕುಡಿದವಳು ಅವನನ್ನು ಯಾವ ಕಣ್ಣಿಂದ ನೋಡಿಯಾಳು? ಅವನು ಒಲೆಯ ಮೇಲೆ ಅಂಟಿನ ಪಾತ್ರೆ ಇಟ್ಟ.

ನಾಚಿಕೆಯಿಂದ ಮಾಡಿದ ಕೆಲಸ ಎಷ್ಟು ಗಟ್ಟಿಯಾಗಿರುತ್ತದೆ ಎಂದು ಅವತ್ತು ನೋಡಬೇಕಿತ್ತು. ಮೈದಾ ಕುದಿಸಿ, ಮರಗೆಲಸದ ಅಂಟು ಕರಗಿಸಿ ಬೆರೆಸಿದ. ಶಾಲೆಗೆ ಹೋಗಿ ಬಾಗಿಲನ್ನು ಉಪ್ಪುಕಾಗದದಿಂದ ತಿಕ್ಕಿದ. ಹಾಳೆಯನ್ನು ಹಿಂಬದಿಯಿಂದ ಒದ್ದೆ ಮಾಡಿ ಹಿಗ್ಗಲು ಬಿಟ್ಟು, ಆಮೇಲೆ ಅಂಟಿಸಿದ. ಹಿಗ್ಗಿದ ಕಾಗದ ಒಣಗುತ್ತಾ ಬಿಗಿದು ಮರವನ್ನು ಕಚ್ಚಿಕೊಳ್ಳುತ್ತದೆ. ಒಣಗಿದ ಮೇಲೆ ಶಾಲೆಯ ಭೂಪಟಗಳಿಗೆ ಹಚ್ಚುವ ವಾರ್ನಿಷನ್ನು ಎರಡು ಸಲ ಬಳಿದ.

“ಮೂರು ದಿನ ಸಾಕು ಅಂದೆ, ಮೂರು ತಲೆಮಾರಿಗಲ್ಲ,” ಎಂದಳು ಹೆಡ್‌ಮೇಡಂ.

ಮರುದಿನ ಬೆಳಿಗ್ಗೆ ಜೀಪು ಬಂತು. ಇಳಿದ ಸಾಹೇಬರ ಕೈಯಲ್ಲಿ ಆದೇಶವಿತ್ತು: ‘ಸದರಿ ಹಾಳೆಯನ್ನು ಸಹಿ ಸಮೇತ, ಹರಿಯದಂತೆ ತೆಗೆದು, ಕಚೇರಿಗೆ ಒಪ್ಪಿಸತಕ್ಕದ್ದು.’ ಮೇಡಂ ಮೇಲೆ ಕ್ರಮ ಜರುಗಿಸಲು ಆ ಸಹಿ ಬೇಕಿತ್ತಂತೆ. ಅಕ್ಷರ ಬಿಟ್ಟು ಆಚೀಚೆ ಹೋಗುವ ಜಾತಿಯವರಲ್ಲ ಸಾಹೇಬರು. ಪೇದೆ ಚಾಕು ತಂದ, ಅಂಚೇ ಸಿಗಲಿಲ್ಲ. ಬಿಸಿನೀರು ಎರಚಿದ, ವಾರ್ನಿಷ್ ಮೇಲಿಂದ ಜಾರಿ ಸಾಹೇಬರ ಬೂಟಿಗೇ ಬಿತ್ತು. ಜಪ್ಪಯ್ಯ ಅಂದರೂ ಹಾಳೆ ಅಲುಗಲಿಲ್ಲ.

“ಕೆರೆದು ಹಾಕ್ಬಿಡ್ಲಾ ಸಾರ್?”

“ಹರಿಯದಂತೆ ಅಂತ ಬರ್ದಿದೆ, ಕಣ್ಣು ಕಾಣಲ್ವೇನಯ್ಯ? ಬಾಗಿಲನ್ನೇ ಬಿಚ್ಚು!”

ಬಾಗಿಲು ಜೀಪಿನೊಳಗೆ ಹಿಡಿಯಲಿಲ್ಲ. ಒಂದು ತಳ್ಳುಗಾಡಿ ಹಿಡಿದರು. ಹೊರಬದಿಗೆ ದಪ್ಪ ಹಿಡಿಯಿದ್ದುದರಿಂದ ಬೋರಲು ಹಾಕಿದರೆ ಬಾಗಿಲು ಜಾರುತ್ತಿತ್ತು. ಹಾಳೆ ಮೇಲೆ ಬರುವಂತೆ ಅಂಗಾತ ಮಲಗಿಸಿದರು. ಸಾಹೇಬರು ಜೀಪು ಹತ್ತಿ ಮುಂದೆ ಹೋದರು. ವಯಸ್ಸಾದ ಪೇದೆ ಗಾಡಿಯ ಪಕ್ಕ ನಡೆದ. ಮೇಲೊಂದು ಬಟ್ಟೆ ಹೊದಿಸಬೇಕೆಂದು ಅವನಿಗೆ ಹೊಳೆಯಲಿಲ್ಲವೋ, ಹೊಳೆದರೂ ಸುಮ್ಮನಿದ್ದನೋ, ಅವನನ್ನೇ ಕೇಳಬೇಕು.

ಕಚೇರಿಗೆ ಇದ್ದದ್ದು ಒಂದೇ ದಾರಿ, ಪೇಟೆಯ ಮೂಲಕ. ಶಾಲೆಯ ಬಾಗಿಲಿಗೆ ಬಂದು ಓದುವವರು ಇಪ್ಪತ್ತು ಜನ ಇರುತ್ತಿದ್ದರೋ ಏನೋ. ಈಗ ಸರ್ಕಾರವೇ ಕೂಲಿ ಕೊಟ್ಟು ಬಾಗಿಲನ್ನು ಇಡೀ ಪೇಟೆಗೆ ತೋರಿಸಿಕೊಂಡು ಹೊರಟಿತ್ತು. ಬೈಂಡರ್ ಹಿಂದೆಯೇ ನಡೆದ. ಮಹಡಿಯಲ್ಲಿ ಬಟ್ಟೆ ಹರವುತ್ತಿದ್ದವರು ಬಗ್ಗಿ ಓದಿದರು. ಕ್ಷೌರದವನು ಅರ್ಧ ನೊರೆ ಹಚ್ಚಿದ ಗಿರಾಕಿಯನ್ನು ಬಿಟ್ಟು ಓಡಿ ಬಂದ.

“ನಾನೂರ ಹದಿನೇಳಾ? ನಾನೊಬ್ಬನೇ ಅಂದ್ಕೊಂಡಿದ್ನಲ್ಲೋ!”

“ನೀನೂನಾ?” ಎಂದ ಹಿಂದೆಯೇ ಓಡಿ ಬಂದ ನೊರೆಯ ಗಿರಾಕಿ. “ನಾನು ನನ್ನ ಹೆಂಡ್ತಿಗೂ ಹೇಳಿಲ್ಲ ಮಾರಾಯ!”

ಅವನ ಹೆಂಡತಿ ಅಲ್ಲೇ ಸೋಪು ಕೊಳ್ಳುತ್ತಿದ್ದಳು. “ನಾನೂ ನಿಮಗೆ ಹೇಳಿಲ್ಲ,” ಎಂದಳು.

ಹತ್ತಾರು ವರ್ಷ ಪಿಸುಮಾತಿನಲ್ಲೇ ವ್ಯಾಪಾರ ಮಾಡಿದ ಪೇಟೆ ಗಟ್ಟಿಯಾಗಿ ನಗತೊಡಗಿತು. ಮಧ್ಯಾಹ್ನ ರೇಡಿಯೋ ‘ಆ ಮತಗಟ್ಟೆಯ ನಾನೂರ ಐವತ್ತೈದಕ್ಕೆ ನಾನೂರ ಐವತ್ತೈದೂ ಹೌದು’ ಎಂದಾಗ ನಗು ಅಂಗಡಿಯಿಂದ ಅಂಗಡಿಗೆ ಹಬ್ಬಿ ಬೀದಿಯ ಕೊನೆ ಮುಟ್ಟಿತು. ಯಾರೋ ಕೂಗಿದರು, “ಆ ಮೂವತ್ತೆಂಟು ಪುಕ್ಕಲರು ಯಾರಪ್ಪಾ?” ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಬೈಂಡರ್ ತಲೆ ತಗ್ಗಿಸಿ ಅಂಗಡಿ ಸೇರಿದ.

ಸಂಜೆ ಹೆಡ್‌ಮೇಡಂ ಬಂದಳು. ಕೆಲಸದಿಂದ ಅಮಾನತು ಮಾಡಿದ ಕಾಗದ ಕೈಯಲ್ಲಿತ್ತು, ಮುಖದಲ್ಲಿ ಪರೀಕ್ಷೆ ಮುಗಿಸಿದ ಮಕ್ಕಳ ಹಗುರ. ಚಾಪೆಯ ಮೇಲೆ ಕೂತು ಹೊಲಿಗೆಗೆ ಬಂದ ಹಾಳೆಗಳನ್ನು ಮಡಿಸಲು ಶುರು ಮಾಡಿದಳು.

“ಈ ಅಮಾನತು ಕಾಗದದಲ್ಲೂ ನಿಯಮ ತಪ್ಪು ಬರ್ದಿದಾರೆ. ನಾಳೆ ಉತ್ತರ ಬರೀತೀನಿ. ಬಾಗಿಲಿಲ್ಲದ್ದಕ್ಕೆ ತರಗತಿಗಳಲ್ಲಿ ಗಾಳಿ ಚೆನ್ನಾಗಿತ್ತು ರೀ ಇವತ್ತು.”

ಅವನಿಗೆ ತಡೆಯಲಾಗಲಿಲ್ಲ. ಸೂಜಿ ಕೆಳಗಿಟ್ಟ.

“ಲೇ, ಆ ಮೂವತ್ತೆಂಟರಲ್ಲಿ ಒಬ್ಬ ನಾನು ಕಣೇ.”

ಅವಳ ಕೈ ನಿಂತಿತು. ಅವಳು ಅವನ ಮುಖವನ್ನು ನೋಡಿದಳು. ಕೋಪವಿರಲಿಲ್ಲ.

“ಇದನ್ನ ನೀವು ನನಗೆ ಹೇಳ್ಬೇಕಾಗೇ ಇರ್ಲಿಲ್ಲ. ಕೇಳೋ ಹಕ್ಕು ನನಗೂ ಇಲ್ಲ, ಅದಕ್ಕೇ ಆ ಪರದೆ ಕಟ್ಟೋದು.” ಅವಳು ಅವನ ಕಡೆ ಸರಿದು ಕೂತಳು. “ಒಂದು ಮಾತು ಹೇಳ್ತೀನಿ, ನೆಮ್ಮದಿಯಾಗಿರಿ. ರೇಡಿಯೋದವರು ನಾನೂರ ಹದಿನೇಳು ಜನರನ್ನ ನುಂಗಿ ಹಾಕಿದ್ರು. ನಾನು ಯಾರನ್ನೂ ಬಿಟ್ಟಿಲ್ಲ. ನಿಮ್ಮ ‘ಹೌದು’ ಚೀಟೀನೂ ಎರಡು ಸಲ ಎಣಿಸಿದ್ದೀನಿ.”

ಅವನು ಮತ್ತೆ ಸೂಜಿ ಎತ್ತಿಕೊಂಡ. ಮುಂದಿನ ಸಲ ಮತ ಹಾಕುವುದು ಯಾವಾಗಲೋ ಯಾರಿಗೆ ಗೊತ್ತು. ಆದರೆ ಆವತ್ತು ಅವಳೇ ಎಣಿಸುವಂತಾಗಲಿ ಎಂದು ಅವನು ಮನಸಾರೆ ಬಯಸಿದ.