ಕವರಿನ ಮೇಲಿನ ಪಿಸ್ತೂಲು

ಫೋಟೊ ಚೌಕಟ್ಟಿಗೆ ಹಿಡಿಸುತ್ತಿರಲಿಲ್ಲ. ಎಡಗಡೆ ಒಂದಿಷ್ಟು ಕತ್ತರಿಸಿದರೆ ಬಲಗಡೆ ಉಬ್ಬುತ್ತಿತ್ತು, ಬಲಗಡೆ ಕತ್ತರಿಸಹೋದರೆ ಹೆಂಡತಿಯ ಭುಜವೇ ಹೋಗುತ್ತಿತ್ತು. ಚಿತಾಗಾರದ ಕಾಯುವ ಕೋಣೆಯ ಮೂಲೆಯಲ್ಲಿ, ಮಡಚುವ ಮೇಜಿನ ಮೇಲೆ ಬಗ್ಗಿ ಅವನು ಮತ್ತೊಮ್ಮೆ ಕತ್ತರಿ ಹಾಕಿದ. ಗೆರೆ ಸೊಟ್ಟಗೆ ಹೋಯಿತು.

“ಇಲ್ಲಿ ಕೊಡಿ ಭಾವ,” ಎಂದು ನಾದಿನಿ ಕತ್ತರಿ ತೆಗೆದುಕೊಂಡಳು. “ನೀವು ಹೋಗಿ ಕೂತ್ಕೊಳ್ಳಿ. ಬೆಳಿಗ್ಗೆಯಿಂದ ಹೊಟ್ಟೆಗೇನಾದ್ರೂ ಹಾಕ್ಕೊಂಡ್ರಾ?”

“ಹಾಕ್ಕೊಂಡೆ.”

“ಏನು?”

ಅವನಿಗೆ ನೆನಪಾಗಲಿಲ್ಲ.

ಮೊನ್ನೆ ಕೆಲಸದಿಂದ ಬಂದವಳು, ತಲೆ ಸಿಡೀತಿದೆ, ಸ್ವಲ್ಪ ಹೊತ್ತು ಅಡ್ಡಾಗ್ತೀನಿ ಅಂದಿದ್ದಳು. ಅವನು ಟೀ ಮಾಡಿ ಕೋಣೆಗೆ ತಂದಾಗ ಉಸಿರಿರಲಿಲ್ಲ. ಮಿದುಳಿನಲ್ಲಿ ರಕ್ತನಾಳ ಒಡೆದಿದೆ ಅಂದರು ಡಾಕ್ಟರು. ಅಳು ಬರುತ್ತದೆ ಎಂದು ಆಗಿನಿಂದ ಕಾಯುತ್ತಿದ್ದ. ಬಂದಿರಲಿಲ್ಲ. ಶಾಲೆ ಬಸ್ಸಿನ ಡ್ರೈವರ್ ಅವನು. ಇಂಜಿನ್ ಆರಿದ ಮೇಲೂ ಇಳಿಜಾರಿನಲ್ಲಿ ಬಸ್ಸು ತಾನಾಗಿ ಉರುಳುವುದನ್ನು ಬಲ್ಲ. ಹಾಗೆ ಉರುಳುತ್ತಿದ್ದ. ಯಾರೋ ಶರ್ಟು ಕೊಟ್ಟರು, ಹಾಕಿಕೊಂಡ. ಯಾರೋ ಸಹಿ ಮಾಡಿ ಅಂದರು, ಮಾಡಿದ.

ಬಾಗಿಲಲ್ಲಿ ಇಬ್ಬರು ಬಂದು ನಿಂತರು. ಒಬ್ಬರು ಒಣಗಿದ ಕೋಲಿನಂತೆ ಉದ್ದನೆಯ ಗಂಡಸು. ಇನ್ನೊಬ್ಬರು ಕೈಚೀಲವನ್ನು ಎದೆಗವಚಿಕೊಂಡ ವಯಸ್ಸಾದ ಹೆಂಗಸು. ಅವನಿಗೆ ತಕ್ಷಣ ಗುರುತು ಹತ್ತಿತು. ಔಷಧಿ ಅಂಗಡಿಯವರು ಮತ್ತು ಟೀಚರ್.

“ಯಾರು ಭಾವ ಇವರು?”

“ಸಿನಿಮಾ ಡಿಸ್ಕು ಕೂಡಿಡೋರು.”

“ನಾನೇ ಫೋನ್ ಮಾಡಿದ್ದು. ಅಕ್ಕನ ಫೋನಲ್ಲಿ ಇದ್ದೋರಿಗೆಲ್ಲ ಮಾಡಿದೆ. ತಪ್ಪಾಯ್ತಾ?”

“ಇಲ್ಲ.”

ತಪ್ಪಾಯಿತೋ ಇಲ್ಲವೋ ಅವನಿಗೂ ತಿಳಿಯದು. ಕೋಣೆಯ ಇನ್ನೊಂದು ತುದಿಯಲ್ಲಿ, ಹೂವಿನ ಬುಟ್ಟಿಯ ಪಕ್ಕ, ಅವಳು ಕೆಲಸಕ್ಕಿದ್ದ ಕಂಪನಿಯ ಮಾಲೀಕರು ಕೂತಿದ್ದರು. ಈ ಎರಡು ಕಡೆಯವರು ಒಂದು ಸೂರಿನಡಿ ಸೇರದ ಹಾಗೆ ಅವಳು ವರ್ಷಗಟ್ಟಲೆ ಜೋಪಾನ ಮಾಡಿದ್ದಳು.

*

ಅವಳ ಕೆಲಸ ಸಿನಿಮಾ ಡಿಸ್ಕುಗಳಿಗೆ ಕವರ್ ಮಾಡುವುದು. ಹಳೆಯ ಸಿನಿಮಾಗಳನ್ನು ಡಿಸ್ಕಿಗೆ ಹಾಕಿ ಮಾರುವ ಸಣ್ಣ ಕಂಪನಿ; ಪ್ರಿಂಟಿಂಗ್ ಪ್ರೆಸ್ಸಿನ ಮಹಡಿ ಮೇಲೆ ಎರಡು ಕೋಣೆ, ಮೆಟ್ಟಿಲಿನವರೆಗೂ ಶಾಯಿಯ ವಾಸನೆ. ಡಬ್ಬಿಯ ಮುಂದಿನ ಚಿತ್ರ, ಹಿಂದಿನ ಬರಹ, ಕಪಾಟಿನಲ್ಲಿ ನಿಲ್ಲಿಸಿದರೆ ಕಾಣುವ ಕಿರುಬೆರಳಗಲದ ಬೆನ್ನು, ಎಲ್ಲ ಅವಳದೇ. ನಟ ನಟಿಯರ ಹೆಸರಿರುತ್ತಿತ್ತು, ಡಿಸ್ಕು ಒತ್ತಿದ ಕಾರ್ಖಾನೆಯ ಹೆಸರಿರುತ್ತಿತ್ತು. ಅವಳದೊಂದು ಇರುತ್ತಿರಲಿಲ್ಲ.

ಡಿಸ್ಕು ಕೂಡಿಡುವ ಹುಚ್ಚಿನವರು ತನ್ನ ಕವರುಗಳನ್ನು ಬೈದು ಬರೆದದ್ದನ್ನು ಅವಳು ಕಂಪ್ಯೂಟರಿನಲ್ಲಿ ಹುಡುಕಿ ಓದುವಳು. ಊಟಕ್ಕೆ ಕೂತಾಗ ಗಂಡನಿಗೂ ಓದಿ ಹೇಳುವಳು.

“ಕೇಳಿ ಇಲ್ಲಿ. ‘ಇದು ಕವರೋ, ತಲೆಗಳ ಸಂತೆಯೋ?’ ಅಂತೆ.”

“ಯಾವನವನು?”

“ಯಾರೋ ಔಷಧಿ ಅಂಗಡಿಯವನಂತೆ. ಪಾಪ, ಸರಿಯಾಗೇ ಹೇಳಿದಾನೆ. ತಲೆ ಜಾಸ್ತಿ ಇದ್ರೆ ಮಾರಾಟ ಜಾಸ್ತಿ ಅಂತಾರೆ ನಮ್ಮ ಮಾಲೀಕರು, ನಾನೇನು ಮಾಡ್ಲಿ. ಬೇರೆಯೋರು ನನ್ನ ಬೆನ್ನ ಹಿಂದೆ ಮಾತಾಡ್ತಾರೆ, ಇವನು ಡಬ್ಬಿ ಬೆನ್ನನ್ನೂ ಬಿಡಲ್ಲ.” ನಗುತ್ತ ನೆತ್ತಿಗೇರಿಸಿಕೊಂಡು ಕೆಮ್ಮುವಳು.

ಒಂದು ಭಾನುವಾರ ಅವನನ್ನು ಹೊರಡಿಸಿಕೊಂಡು ಹಳೆಯ ಡಿಸ್ಕುಗಳ ಮಾರಾಟಕ್ಕೆ ಹೋದಳು. ಶಾಲೆಯೊಂದರ ಆಟದ ಹಾಲ್; ಸಾಲು ಮೇಜು, ಸಾಲು ಡಬ್ಬಿ. ಅಲ್ಲೊಬ್ಬ ಉದ್ದನೆಯ ಮನುಷ್ಯ ಅವಳೇ ಮಾಡಿದ ಎರಡು ಕವರುಗಳನ್ನು ಕೊಳೆತ ಹಣ್ಣಿನಂತೆ ಮಾರುವವನ ಮುಖಕ್ಕೆ ಹಿಡಿದಿದ್ದ.

“ನೋಡಿ ಸ್ವಾಮಿ. ಮೊದಲನೇ ಭಾಗದ ಬೆನ್ನ ಮೇಲೆ ಹೆಸರು ಮೇಲಿಂದ ಕೆಳಕ್ಕೆ. ಎರಡನೇದರಲ್ಲಿ ಕೆಳಗಿಂದ ಮೇಲಕ್ಕೆ. ಜೋಡಿಸಿಟ್ಟು ಓದೋಕೆ ಹೋದ್ರೆ ಕತ್ತು ಉಳುಕತ್ತೆ.”

“ಅಷ್ಟೇ ಅಲ್ಲ,” ಎಂದಳು ಅವಳು ಪಕ್ಕದಿಂದ. “ಎರಡರ ಕಪ್ಪೂ ಒಂದೇ ಕಪ್ಪಲ್ಲ ನೋಡಿ. ಇದು ನೀಲಿ ಕಡೆ ಎಳೀತಿದೆ. ಹಿಂದೆ ಬರೆದಿರೋದನ್ನ ಓದೋಕೆ ಭೂತಗನ್ನಡಿ ಬೇಕು.”

ಗಂಡ ಬಾಯಿ ತೆರೆದ. ಅವಳು ಅವನ ಕಾಲು ತುಳಿದಳು.

ಔಷಧಿ ಅಂಗಡಿಯವರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ನಿಮಗೆ ಕಣ್ಣಿದೆ,” ಎಂದರು.

ಅವರ ಅಂಗಡಿಯ ಹಿಂದಿನ ಉಗ್ರಾಣದಲ್ಲಿ, ಔಷಧಿಯ ರಟ್ಟಿನ ಪೆಟ್ಟಿಗೆಗಳ ನಡುವೆ, ತಿಂಗಳಿಗೊಮ್ಮೆ ಕೆಲವರು ಸೇರುತ್ತಿದ್ದರು. ಅವಳೂ ಸೇರಿಕೊಂಡಳು. ಏನು ಕೆಲಸ ಎಂದು ಕೇಳಿದ್ದಕ್ಕೆ ‘ಪ್ರೆಸ್ಸಲ್ಲಿ’ ಅಂದಳು. ಟೀಚರ್ ಸಿಕ್ಕಿದ್ದು ಅಲ್ಲೇ. ಡಬ್ಬಿಯ ಪ್ಲಾಸ್ಟಿಕ್ ಹೊದಿಕೆಯನ್ನು ಎಂದೂ ಹರಿಯದವರು. ಕಿತ್ತರೂ ಅಂಟು ಬಿಡದ ಬೆಲೆಚೀಟಿ ಹಚ್ಚಿದವರಿಗೆ ನರಕದಲ್ಲಿ ಬೇರೆ ಕೋಣೆ ಇದೆ ಎನ್ನುವವರು. ತಗಡಿನ ಡಬ್ಬಿ ಮೇಲೋ ರಟ್ಟಿನದು ಮೇಲೋ ಎಂದು ಟೀಚರಿಗೂ ಔಷಧಿ ಅಂಗಡಿಯವರಿಗೂ ಹತ್ತಿಕೊಂಡರೆ ತೀರ್ಪು ಅವಳದು. “ತಗಡು ಬಿದ್ರೆ ತಗ್ಗು ಬೀಳತ್ತೆ, ರಟ್ಟು ನೆಂದ್ರೆ ಮುದುಡತ್ತೆ. ಇಬ್ಬರೂ ಸೋತ್ರಿ, ಟೀ ತರಿಸಿ,” ಎಂದುಬಿಡುವಳು. ಅವರು ಅವಳನ್ನು ಅಕ್ಕ ಅನ್ನುತ್ತಿದ್ದರು. ಅವಳಿಗಿಂತ ಹಿರಿಯರಾದ ಟೀಚರ್ ಕೂಡ.

“ಹೇಳಿಬಿಡೇ ಅವರಿಗೆ,” ಎಂದಿದ್ದ ಅವನೊಮ್ಮೆ.

“ಬೇಡ ಕಣ್ರೀ. ಗೊತ್ತಾದ್ರೆ ಚೆನ್ನಾಗಿದೆ ಅನ್ನೋಕೆ ಶುರು ಮಾಡ್ತಾರೆ. ಅಂಥೋರು ಆಫೀಸಲ್ಲಿ ಬೇಕಾದಷ್ಟಿದಾರೆ. ನೀವೂ ಬಾಯಿ ಬಿಡಬೇಡಿ.”

*

ಚಿತಾಗಾರದ ನೌಕರ ಬಂದು, ಮುಂಚಿನವರದು ಇನ್ನೂ ಮುಗಿದಿಲ್ಲ, ತಡವಾಗುತ್ತದೆ ಎಂದ. ಜನ ಗಂಟಲು ಸರಿ ಮಾಡಿಕೊಂಡರು, ಕುರ್ಚಿಗಳು ಕಿರುಗುಟ್ಟಿದವು. ಎಲ್ಲರೂ ಎದುರಿನ ಶವಪೆಟ್ಟಿಗೆಯನ್ನು ನೋಡುವುದನ್ನು ಬಿಟ್ಟು ಕಿಟಕಿ ನೋಡತೊಡಗಿದರು.

“ಯಾರಾದ್ರೂ ಎರಡು ಮಾತಾಡಿ,” ಎಂದಳು ನಾದಿನಿ.

ಮಾಲೀಕರು ಎದ್ದು ಕೋಟಿನ ಗುಂಡಿ ಹಾಕಿಕೊಂಡರು. ಅವರೇನು ಹೇಳುತ್ತಾರೆಂದು ಅವನಿಗೆ ಗೊತ್ತಿತ್ತು. ಎದ್ದು ಹೋಗಿ ತೋಳು ಹಿಡಿದು, ಕವರಿನ ಮಾತು ಬೇಡ ಸಾರ್ ಎಂದಿದ್ದರೆ ಮುಗಿಯುತ್ತಿತ್ತು. ಏಳು ಎಂದು ಕಾಲಿಗೆ ಹೇಳಿದ. ಅದು ಏಳಲಿಲ್ಲ. ಮಾಲೀಕರ ಬೂಟಿನ ಲೇಸು ಒಂದು ತುದಿ ಉದ್ದ, ಒಂದು ತುದಿ ಗಿಡ್ಡ. ಅದನ್ನೇ ನೋಡುತ್ತ ಕೂತ.

“ಬಂಗಾರದಂಥ ಹೆಣ್ಣುಮಗಳು,” ಎಂದರು ಮಾಲೀಕರು. “ನಮ್ಮ ಕಂಪನಿ ತಂದ ಪ್ರತಿಯೊಂದು ಡಿಸ್ಕಿನ ಕವರೂ ಈಯಮ್ಮನ ಕೈಯಲ್ಲೇ ಆಗಿದ್ದು. ಮೊದಲನೇದರಿಂದ ಹಿಡಿದು ಮೊನ್ನೆ ಮೊನ್ನೇದರ ತನಕ. ಚೆನ್ನಾಗಿಲ್ಲ ಅಂತ ಒಬ್ಬರೂ ಬೆರಳು ಮಾಡಿ ತೋರಿಸಿದ್ದು ನಾನು ನೋಡಿಲ್ಲ.”

“ಪ್ರತಿಯೊಂದೂನಾ?” ಎಂದು ಟೀಚರ್ ಪಕ್ಕದವರನ್ನು ಮೆಲ್ಲಗೆ ಕೇಳಿದರು.

“ಹೂಂ, ಪ್ರತಿಯೊಂದೂ. ಎಷ್ಟು ಚೆಂದ ಮಾಡ್ತಿದ್ರು,” ಎಂದಳು ಪಕ್ಕದಲ್ಲಿದ್ದ ನೆರೆಮನೆಯಾಕೆ.

ಟೀಚರ್ ಕೈಚೀಲದ ಜಿಪ್ಪು ಎಳೆದರು, ಮುಚ್ಚಿದರು, ಮತ್ತೆ ಎಳೆದರು. ಔಷಧಿ ಅಂಗಡಿಯವರು ಎದ್ದರು, ಕೂತರು, ಮತ್ತೆ ಎದ್ದು ಯಾರ ಮುಖವನ್ನೂ ನೋಡದೆ ಹೊರಗೆ ಹೋದರು. ಆಗ ಅವನ ಕಾಲು ತಾನಾಗಿ ಎದ್ದಿತು.

ಹೊರಗೆ ಗಾಡಿ ನಿಲ್ಲಿಸುವ ಜಾಗದಲ್ಲಿ, ಗೋಡೆ ಕಡೆ ಮುಖ ಮಾಡಿ ನಿಂತಿದ್ದರು ಔಷಧಿ ಅಂಗಡಿಯವರು.

“ನಿಮಗೆ ಗೊತ್ತಿತ್ತು,” ಎಂದರು, ತಿರುಗದೆ.

“ಗೊತ್ತಿತ್ತು.”

“ಆ ಶಾಲೆ ಹಾಲ್‌ನಲ್ಲಿ ಸಿಕ್ಕಿದಾಗಿಂದ?”

“ಅದಕ್ಕೂ ಮುಂಚೆಯಿಂದ. ನೀವು ಬರೆದಿದ್ದನ್ನ ಊಟಕ್ಕೆ ಕೂತಾಗ ಓದ್ತಿದ್ಲು.”

“ಬೈಕೊಂಡು?”

“ನಕ್ಕೊಂಡು.”

“ಯಾವಾಗ್ಲೂ ನಕ್ಕೊಂಡೇನಾ?”

ಹೌದು ಎನ್ನಬಹುದಿತ್ತು. ಬೆಳಿಗ್ಗೆಯಿಂದ ಜನ ಅವನಿಗೂ ಅಂಥವನ್ನೇ ಹೇಳುತ್ತಿದ್ದರು: ನೋವೇ ಗೊತ್ತಾಗಿರಲ್ಲ, ನಿದ್ದೆಯಲ್ಲೇ ಹೋದರು, ಇಂಥ ಸಾವು ಯಾರಿಗೆ ಬರುತ್ತೆ. ಆದರೆ ಸುಳ್ಳು ಕಟ್ಟುವುದಕ್ಕೂ ಒಂದಿಷ್ಟು ಜೀವ ಬೇಕು. ಅದು ಅವನಲ್ಲಿರಲಿಲ್ಲ.

“ಒಂದು ಸಲ ಬಿಟ್ಟು,” ಎಂದ. “ಆ ಟಿಕೆಟ್ ಹೆಂಗಸಿನ ಸಿನಿಮಾ.”

*

ಸಣ್ಣ ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುವ ಹೆಂಗಸೊಬ್ಬಳ ಸಿನಿಮಾ ಅದು. ಜನ ಬರುತ್ತಾರೆ, ಟಿಕೆಟ್ ಕೊಳ್ಳುತ್ತಾರೆ, ಹೋಗುತ್ತಾರೆ. ಅವಳು ಅಲ್ಲೇ ಇರುತ್ತಾಳೆ. ಮಾಲೀಕರು ಬೆಳಿಗ್ಗೆ ಒಂದಷ್ಟು ಫೋಟೊ ಮೇಜಿನ ಮೇಲೆ ಸುರಿದು ಸಂಜೆಗೆ ಕವರ್ ಕೇಳಿದ್ದರು. “ಒಂದು ಪಿಸ್ತೂಲು ಹಾಕಮ್ಮ. ಪಿಸ್ತೂಲಿದ್ರೆ ಅಂಗಡೀಲಿ ಕೈಗೆತ್ಕೋತಾರೆ,” ಎಂದೂ ಹೇಳಿದ್ದರು. ಅವಳು ತಲೆಗಳ ಗುಡ್ಡೆ ಹಾಕಿ, ನಡುವೆ ಪಿಸ್ತೂಲು ನೆಟ್ಟು, ಸಂಜೆಗೆ ಕೊಟ್ಟು ಬಂದಳು.

ಆ ತಿಂಗಳು ಔಷಧಿ ಅಂಗಡಿಯವರು ಆ ಡಬ್ಬಿಯನ್ನು ಎಲ್ಲರ ನಡುವೆ ಇಟ್ಟರು. ಬೆನ್ನಿನ ಮಾತೆತ್ತಲಿಲ್ಲ, ಬಣ್ಣದ ಮಾತೆತ್ತಲಿಲ್ಲ. “ಇದನ್ನ ಮಾಡಿದೋರಿಗೆ ಸಿನಿಮಾ ಅಂದ್ರೆ ಪ್ರೀತಿ ಇಲ್ಲ,” ಎಂದರು. “ಪ್ರೀತಿ ಇರೋರ ಕೈ ಹೀಗೆ ಮಾಡಲ್ಲ.” ಎಲ್ಲರೂ ತಲೆಯಾಡಿಸಿದರು. ಅವಳೂ ಆಡಿಸಿದಳು.

ಕರೆದುಕೊಂಡು ಬರಲು ಹೋಗಿದ್ದ ಗಂಡ ಬಾಗಿಲಲ್ಲೇ ನಿಂತು ಇದನ್ನೆಲ್ಲ ಕೇಳಿದ. ಮನೆಗೆ ಬಂದವಳು ತಟ್ಟೆಗೆ ಕೈ ಹಾಕಲಿಲ್ಲ. ಟಿವಿ ಮುಂದೆ ನೆಲದ ಮೇಲೆ ಕೂತು ಆ ಸಿನಿಮಾ ಹಾಕಿದಳು. ಅವನು ಕುರ್ಚಿಯಲ್ಲೇ ತೂಕಡಿಸಿ ಕಣ್ಣು ಬಿಟ್ಟಾಗ ಪರದೆ ಕಪ್ಪಾಗಿತ್ತು, ಅವಳ ಕೆನ್ನೆ ಒದ್ದೆಯಾಗಿತ್ತು.

“ನಾನು ನೋಡೇ ಇರಲಿಲ್ಲ ರೀ,” ಎಂದಳು. “ನೋಡದೇ ಮಾಡಿಬಿಟ್ಟೆ. ಎಷ್ಟು ಒಳ್ಳೆ ಸಿನಿಮಾ ಗೊತ್ತಾ. ಅದರಲ್ಲಿ ಪಿಸ್ತೂಲೇ ಇಲ್ಲ.”

“ಅವನ್ಯಾರು ನಿನ್ನ ಪ್ರೀತಿ ಅಳೆಯೋಕೆ? ನಾಳೆ ಹೋಗಿ ಕೇಳ್ತೀನಿ.”

“ಏನಂತ ಕೇಳ್ತೀರಿ? ಅವರು ಹೇಳಿದ್ದು ಸರಿಯಾಗಿದೆ.”

ಮುಂದಿನ ತಿಂಗಳು ಮತ್ತೆ ಉಗ್ರಾಣಕ್ಕೆ ಹೋದಳು. ಆದರೆ ಅಂದಿನಿಂದ, ಮಾಲೀಕರು ಹಾರಾಡಲಿ ಕೂಗಾಡಲಿ, ಸಿನಿಮಾ ನೋಡದೆ ಒಂದು ಕವರಿಗೂ ಕೈ ಹಚ್ಚಲಿಲ್ಲ.

*

ಅವನು ಇಷ್ಟನ್ನೂ ನಿಂತಲ್ಲೇ ಹೇಳಿದ, ಬಸ್ಸಿನ ದಾರಿ ಹೇಳುವ ಹಾಗೆ. ಮುಗಿದ ಮೇಲೆ ಔಷಧಿ ಅಂಗಡಿಯವರು ಗೋಡೆಯಿಂದ ತಿರುಗಿದರು.

“ಕ್ಷಮಿಸಿ ಅನ್ನಬೇಕು ನಾನು. ಅಂತೀನಿ ಕೂಡ. ಆದ್ರೆ ಆ ಕವರ್ ಕೆಟ್ಟದಾಗೇ ಇತ್ತು ಸಾರ್. ಇವತ್ತು ನಾನು ಚೆನ್ನಾಗಿತ್ತು ಅಂದ್ರೆ ಅಕ್ಕನಿಗೆ ಮೋಸ ಮಾಡಿದ ಹಾಗೆ.”

“ಕೆಟ್ಟದಾಗೇ ಇತ್ತು,” ಎಂದ ಅವನು. ಮೊನ್ನೆಯಿಂದ ಆಡಿದ ಮಾತುಗಳಲ್ಲಿ ಅದೊಂದು ತನ್ನ ಗಂಟಲಿಂದಲೇ ಬಂದಂತೆ ಅನ್ನಿಸಿತು.

“ಭಾವ, ನಮ್ಮ ಸರದಿ ಬಂತು,” ಎಂದು ನಾದಿನಿ ಬಾಗಿಲಿಂದ ಕರೆದಳು.

ಪೆಟ್ಟಿಗೆ ಎತ್ತುವಾಗ ಒಂದು ಮೂಲೆಗೆ ಆಳು ಸಾಲಲಿಲ್ಲ. ಮಾಲೀಕರು ಸೊಂಟ ಹಿಡಿದುಕೊಂಡು ಪಕ್ಕಕ್ಕೆ ಸರಿದರು. ಔಷಧಿ ಅಂಗಡಿಯವರು ಕೇಳದೆ ಬಂದು ಭುಜ ಕೊಟ್ಟರು. ಎತ್ತರದವರಾದ್ದರಿಂದ ಅವರ ಮೂಲೆ ಮೇಲೆದ್ದಿತು. ಕಬ್ಬಿಣದ ಬಾಗಿಲಿನವರೆಗೂ ಮಂಡಿ ಬಗ್ಗಿಸಿಕೊಂಡೇ ನಡೆದರು. ಬಾಗಿಲು ತೆರೆಯಿತು, ಮುಚ್ಚಿತು. ಅವನು ಆಗಲೂ ಕಾದ. ಅಳು ಬರಲಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಮನೆ ಖಾಲಿಯಾಯಿತು. ನಾದಿನಿ ಅಡುಗೆಮನೆಯಲ್ಲಿದ್ದಳು. ಔಷಧಿ ಅಂಗಡಿಯವರಿಗೂ ಟೀಚರಿಗೂ ಹೊರಡಲು ಮನಸ್ಸಿರಲಿಲ್ಲ, ಕೂರಲೂ ಆಗುತ್ತಿರಲಿಲ್ಲ. ಟೀಚರ್ ಅವನ ಹೆಂಡತಿಯ ಡಿಸ್ಕುಗಳ ಕಪಾಟಿನ ಮುಂದೆ ಬಹಳ ಹೊತ್ತು ನಿಂತರು. ಒಂದು ಡಬ್ಬಿಯನ್ನೂ ಮುಟ್ಟಲಿಲ್ಲ.

“ಆ ಸಿನಿಮಾ ಇದೆಯಾ ಇಲ್ಲಿ?” ಎಂದು ಕೊನೆಗೆ ಕೇಳಿದರು. “ಹೊರಗೆ ನೀವು ಹೇಳ್ತಿದ್ದಿದ್ದು ಕಿಟಕೀಲಿ ಕೇಳಿಸ್ತು. ನನ್ನ ಹತ್ರ ಇರೋದನ್ನ ಪ್ಲಾಸ್ಟಿಕ್ ಬಿಚ್ಚೇ ಇಲ್ಲ. ಅವತ್ತು ನಾನೂ ತಲೆ ಆಡಿಸಿದೆ. ನಾನೂ ನೋಡಿರಲಿಲ್ಲ.”

ಅವನು ತೆಗೆದುಕೊಟ್ಟ. ಔಷಧಿ ಅಂಗಡಿಯವರು ಡಿಸ್ಕಿನ ಅಂಚನ್ನಷ್ಟೇ ಎರಡು ಬೆರಳಲ್ಲಿ ಹಿಡಿದು ಯಂತ್ರಕ್ಕೆ ಹಾಕಿ, ರಿಮೋಟನ್ನು ಅವನ ಕೈಗಿತ್ತು, ಟೀಚರ್ ಪಕ್ಕ ಕೂತರು. ನಾದಿನಿ ಟೀ ತಂದವಳು ಅಲ್ಲೇ ನಿಂತಳು.

ಪರದೆಯ ಮೇಲೆ ಖಾಲಿ ಪ್ಲಾಟ್‌ಫಾರ್ಮು, ಒಂದು ಬೆಂಚು, ಕೆಳಗೆ ‘ಸಿನಿಮಾ ಆರಂಭಿಸಿ’ ಎಂಬ ಅಕ್ಷರ. ಪಿಟೀಲಿನ ಸಣ್ಣ ಎಳೆಯೊಂದು ಎದ್ದಿತು. ದೂರದಿಂದ ರೈಲು ಬಂತು, ನಿಲ್ಲುವ ಮೊದಲೇ ಚಿತ್ರ ಕಡಿದು ಮತ್ತೆ ಖಾಲಿ ಪ್ಲಾಟ್‌ಫಾರ್ಮು. ಮತ್ತೆ ಪಿಟೀಲು, ಮತ್ತೆ ರೈಲು; ಗುಂಡಿ ಒತ್ತಿ ಸಿನಿಮಾ ಶುರು ಮಾಡುವವರೆಗೂ ಅಷ್ಟೇ ಸುತ್ತುತ್ತಿತ್ತು. ಅವನ ಹೆಬ್ಬೆರಳು ಗುಂಡಿಯ ಮೇಲಿತ್ತು. ಯಾರೂ ಒತ್ತಿ ಎನ್ನಲಿಲ್ಲ. ಟೀಯ ಮೇಲೆ ಕೆನೆ ಕಟ್ಟಿತು; ನಾಲ್ವರೂ ನೋಡುತ್ತಲೇ ಇದ್ದರು, ರೈಲು ಬರುತ್ತಲೇ ಇತ್ತು, ನಿಲ್ಲುವ ಮೊದಲೇ ಹೋಗುತ್ತಲೇ ಇತ್ತು.