ಪ್ಲಾಸ್ಟರ್ ಮೀನುಗಳ ಶನಿವಾರ

ಮೀನಿನ ವಾಸನೆ ಬರಬಾರದಂತೆ. ಮೀನು ಮಾರುವವಳ ಎದುರು ನಿಂತು ಫಿಲಿಪ್ಪಾ ಥ್ರೋವರ್ ಈ ಮಾತು ಹೇಳಿದಾಗ ನಾನು ಬಂಗಡೆಯ ಹೊಟ್ಟೆ ಸೀಳುತ್ತಿದ್ದೆ. ಸ್ಕಾರ್ಫಿನ ತುದಿಯನ್ನು ಮೂಗಿಗೆ ಹಿಡಿದುಕೊಂಡೇ ಆಕೆ ಮುಗುಳ್ನಗುತ್ತಿದ್ದಳು. ಕೊಳೆತ ಮೀನು ಕಂಡರೆ ನನಗೆ ಏನೂ ಆಗುವುದಿಲ್ಲ. ಆ ನಗು ಕಂಡರೆ ಮಾತ್ರ ನಾನೂ ಮೂಗು ಮುಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಮಾರ್ಲ್‌ವಿಕ್ಕಿನ ಚೌಕದಲ್ಲಿ, ಹಿಂದೆ ಬೆಣ್ಣೆ ಮಾರುತ್ತಿದ್ದ ಕಲ್ಲಿನ ಮಂಟಪದ ಪಕ್ಕದಲ್ಲೇ ಶನಿವಾರದ ಸಂತೆಗೆ ನಮ್ಮ ಮೀನಿನ ವ್ಯಾನು ನಿಲ್ಲುವ ಜಾಗ. ಮೊದಲು ಅಮ್ಮ ಅಲ್ಲಿ ನಿಲ್ಲುತ್ತಿದ್ದಳು, ಈಗ ನಾನು. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು, ದುಡಿಯುವ ಕೈ ನನ್ನದೊಂದೇ. ಶನಿವಾರದ ಆ ಜಾಗ ಹೋಯಿತೆಂದರೆ ವ್ಯಾನು ಮಾರಿ ಯಾವುದೋ ಗೋದಾಮಿನಲ್ಲಿ ರಾತ್ರಿ ಪಾಳಿ ಹಿಡಿಯಬೇಕು, ಅಷ್ಟೆ.

ಫಿಲಿಪ್ಪಾ ಲಂಡನ್ನಿನಿಂದ ಬಂದು ಧಾನ್ಯದ ವ್ಯಾಪಾರಿಯ ಹಳೇ ಮನೆ ಕೊಂಡವಳು. ಬಂದ ಹೊಸದರಲ್ಲಿ, ಈ ಊರು ಒಂದಿಷ್ಟೂ ಬದಲಾಗಿಲ್ಲವಲ್ಲ ಎಂದು ಕಂಡಕಂಡವರ ಹತ್ತಿರ ಕಣ್ಣರಳಿಸುತ್ತಿದ್ದಳು. ಆಮೇಲೆ ಬದಲಾಯಿಸಲು ಕೂತಳು. ಕಟುಕನ ಅಂಗಡಿಯಲ್ಲಿ ಈಗ ಮೇಣದಬತ್ತಿ. ಮೊಳೆ, ಬೀಗ, ಹಗ್ಗ ಸಿಗುತ್ತಿದ್ದಲ್ಲಿ ಚೀಸಿನಂತೆ ಕಾಣುವ ಸಾಬೂನು. ಅದರ ಪಕ್ಕದಂಗಡಿಯಲ್ಲಿ ಸಾಬೂನಿನಂಥ ರುಚಿಯ ಚೀಸು. ತುಕ್ಕು ಹಿಡಿದ ಬಕೆಟ್ಟಿಗೆ ಹೂಗಿಡ ನೆಟ್ಟು ಕಿಟಕಿಕಿಟಕಿಗೂ ತೂಗುಹಾಕಿದ್ದಾರೆ. ಒಂದು ಬಲ್ಬು ಬೇಕೆಂದರೆ ಬಸ್ಸು ಹತ್ತಬೇಕು.

ಈಗ ದೇಶದ ಅತಿ ಚೆಂದದ ಸಂತೆಪೇಟೆ ಎಂಬ ಬಹುಮಾನಕ್ಕೆ ನಮ್ಮೂರಿನ ಹೆಸರು ಹೋಗಿತ್ತು. ಬರುವ ಶನಿವಾರ ಪರೀಕ್ಷಕರು ಬರುತ್ತಾರೆ, ಅವತ್ತು ಚೌಕದೊಳಕ್ಕೆ ವ್ಯಾನು ಬಿಡುವುದಿಲ್ಲ ಎಂದು ಫಿಲಿಪ್ಪಾ ಕಟ್ಟಿಕೊಂಡ ಬಹುಮಾನದ ಸಮಿತಿಯವರು ಊರಿನ ಕೌನ್ಸಿಲ್‌ನಿಂದ ಆಜ್ಞೆ ತಂದಿದ್ದರು. ಇಡೀ ಚೌಕದಲ್ಲಿ ವ್ಯಾನಿನಿಂದ ಮಾರುವವಳು ನಾನೊಬ್ಬಳೇ. ಚರ್ಚಿನ ಹಿಂದೆ, ಕಸದ ತೊಟ್ಟಿಗಳ ಹತ್ತಿರ ನನಗೆ ಜಾಗ ಕೊಡುತ್ತಾರಂತೆ.

"ಒಂದೇ ದಿನ, ಗೇನರ್ ಡಿಯರ್," ಅಂದಳು ಫಿಲಿಪ್ಪಾ. "ನಿಮ್ಮ ಜಾಗದಲ್ಲಿ ಒಂದು ಹಳೇ ಕಾಲದ ಮೀನಿನ ಗಾಡಿ ನಿಲ್ಲಿಸ್ತೀವಿ. ಪ್ಲಾಸ್ಟರಲ್ಲಿ ಮಾಡಿದ ಮೀನು, ನೋಡಿದ್ರೆ ಥೇಟ್ ನಿಜವಾದ್ದೇ."

ಒಂದೇ ದಿನವಂತೆ. ನಮ್ಮ ಸಂತೆಯ ಕಟ್ಟಳೆ ಏನೆಂದು ಆಕೆಗೆ ಯಾರೂ ಹೇಳಿರಲಿಲ್ಲ. ಬೆಳಗ್ಗೆ ಮೇಲ್ವಿಚಾರಕ ಡೆಸ್ಮಂಡ್ ಗಂಟೆ ಬಾರಿಸಿದಾಗ ಯಾವ ಜಾಗದಲ್ಲಿ ಮಾರುವವರು ಇಲ್ಲವೋ, ಆ ಜಾಗ ಮಂಟಪದ ಬಳಿ ಸಾಲಿನಲ್ಲಿ ಕಾಯುತ್ತಿರುವ ಮೊದಲಿಗರ ಪಾಲು. ಅವತ್ತಿಗೆ ಮಾತ್ರವಲ್ಲ, ಮುಂದಕ್ಕೂ. ಹೆರಿಗೆಯಾದ ವಾರ ಅಮ್ಮ ನನ್ನನ್ನು ಐಸಿನ ಪೆಟ್ಟಿಗೆಯ ಪಕ್ಕ ಮಲಗಿಸಿಕೊಂಡು ಮಾರಿದ್ದು ಇದೇ ಭಯಕ್ಕೆ. ಫೋನಿನ ಕವರು ಮಾರುವ ಗ್ಯಾರಿ ನನ್ನ ಜಾಗದ ಮೇಲೆ ಎಷ್ಟೋ ವರ್ಷದಿಂದ ಕಣ್ಣಿಟ್ಟಿದ್ದಾನೆ. ನಾನು ಕೆಮ್ಮಿದರೂ ಬಂದು ಆರೋಗ್ಯ ವಿಚಾರಿಸುತ್ತಾನೆ.

ಈ ಒಂದು ವಾರ ಕಟ್ಟಳೆ ಸಡಿಲಿಸುತ್ತೀಯಾ ಎಂದು ಡೆಸ್ಮಂಡನನ್ನು ಕೇಳಿದೆ. ಕಟ್ಟಳೆ ಅಂದರೆ ಕಟ್ಟಳೆ, ತನ್ನ ತಂಗಿಯಾಗಿದ್ದರೂ ಅಷ್ಟೇ ಅಂದ. ಅವನಿಗೆ ಬೇರೆಯದೇ ಚಿಂತೆ ಹತ್ತಿತ್ತು. ಪರೀಕ್ಷಕರೆದುರು ಹಳೇ ಪದ್ಧತಿ ಪೂರ್ತಿ ನಡೆಯಬೇಕೆಂದು ಫಿಲಿಪ್ಪಾ ಅವನಿಗೆ ಗರಿಯಿಟ್ಟ ಟೋಪಿ ತಂದುಕೊಟ್ಟಿದ್ದಳಂತೆ. ಗಂಟೆ ಬಾರಿಸಿ, ಪ್ರತಿ ಜಾಗದ ಮುಂದೂ ನಿಂತು, ಮಾರುವವರಿದ್ದಾರೆಯೇ ಎಂದು ಗಟ್ಟಿಯಾಗಿ ಕೇಳಬೇಕಂತೆ. ಅದನ್ನು ಹೇಳುವಾಗ ಅವನ ಮುಖ ಹುಳಿ ಹಾಲು ಕುಡಿದವನ ಹಾಗಿತ್ತು.

ಶನಿವಾರ ಇನ್ನೂ ಕತ್ತಲಿರುವಾಗಲೇ ಒಂದು ಕ್ರೇಟು ಬಂಗಡೆ, ಒಂದು ಹಲಗೆ, ಚೂರಿ, ಬಕೆಟ್ಟು ಹೊತ್ತುಕೊಂಡು ಹೋಗಿ ಕಾಯುವವರ ಸಾಲಿನಲ್ಲಿ ಮೊದಲು ನಿಂತೆ. ವ್ಯಾನು ಬೇಡವೆಂದಿದ್ದರು, ನಾನು ಬೇಡವೆಂದು ಎಲ್ಲೂ ಇರಲಿಲ್ಲ. ಬೆಳಕು ಹರಿದ ಮೇಲೆ ಗ್ಯಾರಿ ಬಂದವನು ನನ್ನನ್ನು ನೋಡಿ ಬೇಕರಿಯ ಬನ್ನು ಬಾಯಲ್ಲಿಟ್ಟುಕೊಂಡೇ ನಿಂತ.

"ಏನೇ ಗೇನರ್, ನಿನ್ನ ಜಾಗಕ್ಕೆ ನೀನೇ ಕ್ಯೂ ನಿಂತಿದ್ದೀಯಾ?"

"ಹಿಂದೆ ಹೋಗಿ ನಿಲ್ಲೋ ಸುಮ್ನೆ," ಅಂದೆ.

ನನ್ನ ಜಾಗದಲ್ಲಿ ಗಾಡಿ ನಿಂತಿತ್ತು. ಗಾಜಿನ ಚೂರುಗಳ ಐಸು, ಅದರ ಮೇಲೆ ಹೊಳೆಯುವ ಮೀನುಗಳು, ಎಲ್ಲಕ್ಕೂ ಗುಲಾಬಿ ತುಟಿ. ಗುಲಾಬಿ ತುಟಿಯ ಮೀನನ್ನು ಯಾವ ಸಮುದ್ರವೂ ಹೆತ್ತಿಲ್ಲ. ಬೇರೆ ಕಡೆ ನೋಡಿದೆ.

ಗಂಟೆ ಮೊಳಗಿತು. ಡೆಸ್ಮಂಡ್ ಟೋಪಿ ತೊಟ್ಟು ಬಂದ, ಹಿಂದೆ ಕ್ಯಾಮೆರಾ ನೇತುಹಾಕಿಕೊಂಡ ಪರೀಕ್ಷಕ, ಅವನ ಮೊಣಕೈಗೆ ಅಂಟಿಕೊಂಡಂತೆ ಫಿಲಿಪ್ಪಾ. ತರಕಾರಿಯವನು, ಮೊಟ್ಟೆಯವಳು, ಎಲ್ಲರೂ ಇದ್ದೇವೆ ಅಂದರು. ಗಾಡಿಯ ಮುಂದೆ ಡೆಸ್ಮಂಡ್ ನಿಂತ.

"ಈ ಜಾಗದಲ್ಲಿ ಮಾರೋರು ಇದ್ದಾರಾ?"

ಫಿಲಿಪ್ಪಾ ಪರೀಕ್ಷಕನ ಕಡೆ ತಿರುಗಿ ಹೆಮ್ಮೆಯಿಂದ, "ಛೆ, ಇಲ್ಲಿ ಏನೂ ಮಾರೋದಿಲ್ಲ. ಇದು ನೋಡೋದಕ್ಕೆ ಮಾತ್ರ," ಅಂದಳು.

ಡೆಸ್ಮಂಡ್ ನನ್ನ ಕಡೆ ನೋಡಲೂ ಇಲ್ಲ. "ಜಾಗ ಖಾಲಿ. ಸಾಲಿನಲ್ಲಿ ಮೊದಲು ಯಾರು?"

ನಾನು ಕ್ರೇಟು ಎತ್ತಿಕೊಂಡು ಹೋದೆ. ಗಾಡಿಯನ್ನು ಭುಜ ಕೊಟ್ಟು ಪಕ್ಕಕ್ಕೆ ತಳ್ಳಿದೆ. ಒಂದು ಪ್ಲಾಸ್ಟರ್ ಮೀನು ಕಲ್ಲಿನ ಮೇಲೆ ಬಿದ್ದು ತಲೆ ಕಳೆದುಕೊಂಡಿತು. ಹಲಗೆ ಹಾಕಿ ಮೊದಲ ಬಂಗಡೆ ಸೀಳಿದೆ. ಫಿಲಿಪ್ಪಾಳ ಮುಖ ಸುಣ್ಣವಾಗುವುದನ್ನು ಕಾದು ನೋಡುತ್ತಿದ್ದೆ, ಅಷ್ಟರಲ್ಲಿ ಪರೀಕ್ಷಕ ಚಪ್ಪಾಳೆ ತಟ್ಟಿದ.

"ಅದ್ಭುತ," ಅಂದ. ಕ್ಯಾಮೆರಾವನ್ನು ನನ್ನ ಕೈಗಳತ್ತಲೇ ಗುರಿಯಿಟ್ಟ. "ಎಷ್ಟು ಸಹಜವಾಗಿ ಮಾಡ್ತೀರಿ. ನೀವು ನಾಟಕದವರಾ?"

"ಗೇನರ್ ನಮ್ಮೂರಿನ ಆಸ್ತಿ," ಅಂದಳು ಫಿಲಿಪ್ಪಾ ತಟ್ಟನೆ. ನನ್ನ ಬೆನ್ನ ಮೇಲೆ ಕೈಯಿಟ್ಟಳು. ಆ ಕೈ ಒಣಗಿತ್ತು, ಬೆಚ್ಚಗಿತ್ತು, ಸಾಬೂನಿನ ವಾಸನೆ ಬರುತ್ತಿತ್ತು. ನಾನು ಇನ್ನೊಂದು ಬಂಗಡೆ ಸೀಳಿದೆ. ಪರೀಕ್ಷಕ ಅಷ್ಟು ಹೊತ್ತು ನಿಂತರೂ ಒಂದು ಬಾಲವನ್ನೂ ಕೊಳ್ಳಲಿಲ್ಲ.

ಬಹುಮಾನ ಬಂತು. ರೈಲು ನಿಲ್ದಾಣದಲ್ಲಿ ನನ್ನ ಕೈಯ ಚಿತ್ರ ಹಾಕಿದ್ದಾರೆ, ರಕ್ತ ಮಾತ್ರ ಅಳಿಸಿದ್ದಾರೆ. ದೊಡ್ಡ ಮಗಳು ಬ್ರೈನಿ, ಜಾಗ ಉಳೀತಲ್ಲಮ್ಮಾ, ಇನ್ಯಾಕೆ ಮುಖ ಹಾಗೆ ಮಾಡ್ಕೊಂಡಿದ್ದೀಯಾ ಎಂದು ಕೇಳಿದಳು. ಉಳಿಯಿತು, ನಿಜ.

ಮುಂದಿನ ಶನಿವಾರ ವ್ಯಾನು ಮತ್ತೆ ತನ್ನ ಜಾಗದಲ್ಲಿತ್ತು. ಫಿಲಿಪ್ಪಾ ಬಂದಳು. ಕೈಯಲ್ಲಿ ಅಂಚಿಗೆ ನೆರಿಗೆಯಿದ್ದ ಬಿಳಿ ಬಟ್ಟೆಯ ಟೋಪಿ, ಅಜ್ಜಿಯ ಕಾಲದ್ದು. ಇನ್ನು ಮೇಲೆ ಪ್ರವಾಸಿಗರು ಬರುತ್ತಾರೆ, ಇದನ್ನು ಹಾಕಿಕೊಂಡರೆ ಚೆನ್ನ, ಆ ಕರುಳಿನ ಬಕೆಟ್ಟನ್ನು ಕಾಣದ ಹಾಗಿಟ್ಟರೆ ಇನ್ನೂ ಚೆನ್ನ ಅಂದಳು. ಸ್ಕಾರ್ಫು ಮೂಗಿನ ಮೇಲೇ ಇತ್ತು.

ಟೋಪಿ ಇಸಿದುಕೊಂಡೆ. ಒಳ್ಳೆಯ ದಪ್ಪ ಹತ್ತಿ ಬಟ್ಟೆ. ಚೂರಿಯನ್ನು ಅದರಲ್ಲಿ ಎರಡೂ ಕಡೆ ಒರೆಸಿ, ಮಡಿಸಿ, ಹಲಗೆಯ ಪಕ್ಕ ಇಟ್ಟುಕೊಂಡೆ.

"ನಿಮಗೇನು ಕೊಡ್ಲಿ?" ಅಂದೆ. "ಹಿಂದೆ ಜನ ಕಾಯ್ತಿದ್ದಾರೆ."