ಹುಣಸೆ ಮಂಡಿಗೆ ಬಂದ ಚಿಕಾಗೋ

"ಏಯ್ ಮುಂಡೇ, ಕೆಂಪು ಪಟ್ಟಿ ಎದೆಗೆ ಚುಚ್ಕಳೇ ಅಂದ್ರೆ ತಲೆಗೆ ಕಟ್ಕಂಡಿದ್ದೀಯಲ್ಲೇ!" ಮೇಸ್ತ್ರಿ ಬೋರಪ್ಪ ಬೀರಕ್ಕನ ನೆತ್ತಿಗೆ ಮೊಟಕಿದ.

ಬೀರಕ್ಕ ಹುಣಸೆಹಣ್ಣು ಕುಟ್ಟುವ ಸುತ್ತಿಗೆ ಕೆಳಗಿಟ್ಟಳು. "ಬೆವರು ಒರ್ಸ್ಕಳಕ್ಕೆ ಕೊಟ್ರೇನೋ ಅಂದ್ಕಂಡೆ ಕಣಪ್ಪ."

"ಇವತ್ತು ಮೇ ಡೇ ಕಣೇ, ಕೂಲಿಯೋರ ಹಬ್ಬ. ಅನಂತಪುರದಿಂದ ಲೇಬರ್ ಸಾಹೇಬ್ರು ಬತ್ತಾರೆ."

"ಹಬ್ಬ ಅಂದ್ರೆ ರಜಾ ಅಲ್ವಾ?"

"ರಜಾ ಕೊಟ್ರೆ ಭಾಷಣ ಯಾವಳು ಕೇಳ್ತಾಳೆ, ನಿಮ್ಮವ್ವನಾ?"

ಅದು ಎಂಬತ್ತಾರನೇ ಇಸವಿ. ಹಿಂದೂಪುರದ ಸಾಹುಕಾರ ಸೀತಾರಾಮಪ್ಪನ ಮಂಡಿಯಲ್ಲಿ ಇಪ್ಪತ್ತು ಹೆಂಗಸರು ಬೆಳಿಗ್ಗೆ ಆರಕ್ಕೆ ಕೂತರೆ ಏಳುತ್ತಿದ್ದುದು ದೀಪ ಹಚ್ಚುವ ಹೊತ್ತಿಗೆ. ಹನ್ನೊಂದು ವರ್ಷ ಬೀಜ ಬಿಡಿಸಿ ಬೀರಕ್ಕನ ಬೆರಳುಗಳು ಹುಳಿಗೆ ಒಡೆದಿದ್ದವು. ಮುದ್ದೆ ಮುರಿದು ಸಾರಿಗೆ ಅದ್ದಿದರೆ ಕಣ್ಣಲ್ಲಿ ನೀರು ಬರುತ್ತಿತ್ತು.

ಸಾಹೇಬರು ಸಾಹುಕಾರನ ಮನೆಯಲ್ಲಿ ಒಬ್ಬಟ್ಟಿನ ಊಟ ಮುಗಿಸಿ, ತೇಗುತ್ತಾ ಬಂದಾಗ ಎರಡೂವರೆ. ಮೈಕು ಹಿಡಿದರು. ಸುತ್ತಿಗೆಗಳು ಟಕಟಕ ಬಡಿಯುತ್ತಲೇ ಇದ್ದವು.

"ಕೇಳೋದು ಕಿವಿ ತಾನೇ ಅಂತ ಕೈ ನಿಲ್ಲಿಸಿಲ್ಲ ಸಾರ್," ಎಂದು ಸೀತಾರಾಮಪ್ಪ ಹಲ್ಲು ಕಿರಿದ. ಸಾಹೇಬರು ಮುಖ ಗಂಟಿಕ್ಕಿದ ಮೇಲೆ ಸದ್ದು ನಿಂತಿತು. ಬೋರಪ್ಪ ಬಗ್ಗಿ ಪಿಸುಗುಟ್ಟಿದ: "ಭಾಷಣದ ಹೊತ್ತೂ ಸೇರಿಸಿ ಸಂಜೆ ದುಡೀಬೇಕು, ಗ್ಯಾನ ಇರ್ಲಿ."

ಸಾಹೇಬರ ಭಾಷಣ ಶುರುವಾಯಿತು: ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಜನ ಹತ್ತು, ಹನ್ನೆರಡು ಗಂಟೆ ದುಡಿಯುತ್ತಿದ್ದರಂತೆ. ಮೇ ಒಂದನೇ ತಾರೀಕು ಸಾವಿರಾರು ಜನ ಕೆಲಸ ಬಿಟ್ಟು ಬೀದಿಗೆ ಬಂದರಂತೆ. ಚಿಕಾಗೋ ಎಂಬ ಊರಲ್ಲಿ ಪೊಲೀಸರು ಗುಂಡು ಹಾರಿಸಿದರು, ಬಾಂಬು ಬಿತ್ತು, ನಾಲ್ವರನ್ನು ಗಲ್ಲಿಗೇರಿಸಿದರು. "ಯಾತಕ್ಕೆ? ಎನಿಮಿದಿ ಗಂಟಲು! ಎಂಟೇ ಗಂಟೆ ಕೆಲಸಕ್ಕೆ!" ತೆಲುಗು, ಕನ್ನಡ ಬೆರೆಸಿ ಕೂಗಿದ ಸಾಹೇಬರು ಕರವಸ್ತ್ರ ತೆಗೆದು ಕಣ್ಣಿಗೊತ್ತಿಕೊಂಡರು. ಸೀತಾರಾಮಪ್ಪನೂ ಶಲ್ಯದಿಂದ ಕಣ್ಣೊರೆಸಿಕೊಂಡ.

ಬೀರಕ್ಕ ಎದ್ದು ನಿಂತಳು. "ಸಾಮೀ, ಅವ್ರು ಸತ್ರಲ್ಲಾ, ಎಂಟು ಗಂಟೆ ಸಿಕ್ತಾ?"

"ಸಿಕ್ತಮ್ಮಾ! ಕಾನೂನೇ ಆಯ್ತು. ನಮ್ಮ ದೇಶದಲ್ಲೂ ಇದೆ."

"ಈಗ ಗಂಟೆ ಎಷ್ಟು?"

"ಮೂರೂ ಕಾಲು."

"ನಾವು ಆರಕ್ಕೆ ಬಂದ್ವಿ." ಅವಳು ಬೆರಳು ಮಡಚಿ ಎಣಿಸಿದಳು. "ಒಂಬತ್ತೂ ಕಾಲು. ಹಂಗಾರೆ ಬತ್ತೀನಿ ಸಾಮಿ." ಸೆರಗು ಕೊಡವಿ ಗೇಟಿನ ಕಡೆ ನಡೆದಳು. ಹಿಂದೆ ಪೋಲಮ್ಮ ಎದ್ದಳು, ಗಂಗುಲಮ್ಮ ಎದ್ದಳು. ಆಮೇಲೆ ಸಾಲು ಸಾಲೇ ಎದ್ದಿತು.

"ಲೇ ಬೋಸುಡಿಯರಾ, ಫೋಟೋ ತೆಗೀಬೇಕು ಕಣ್ರೇ!" ಬೋರಪ್ಪ ಬಾಯಿ ಬಡಿದುಕೊಂಡ.

ಫೋಟೋದಲ್ಲಿ ಕಡೆಗೆ ಸುತ್ತಿಗೆ ಹಿಡಿದು ಕೂತವರು ಗುಮಾಸ್ತ, ಸಾಹುಕಾರನ ಇಬ್ಬರು ಭಾವಮೈದುನರು ಮತ್ತು ಬೋರಪ್ಪ. ಒಬ್ಬರ ಹೆಬ್ಬೆರಳೂ ಜಜ್ಜಿಹೋಗದಂತೆ ಫೋಟೋದವನು ಬೇಗ ಮುಗಿಸಿದ.

ಮರುದಿನ ಆರಕ್ಕೆ ಗೇಟಿಗೆ ಬೀಗ. "ಎಂಟು ಗಂಟೆ ಕೇಳೋರು ಚಿಕಾಗೋಗೆ ಹೋಗ್ರಿ," ಒಳಗಿನಿಂದ ಸೀತಾರಾಮಪ್ಪ ಕೂಗಿದ.

ಬೀರಕ್ಕನ ಮನೆಯಲ್ಲಿ ಇದ್ದದ್ದು ಎರಡು ದಿನದ ರಾಗಿಹಿಟ್ಟು. ಆದರೂ ಅವಳು ಗೇಟಿಗೆ ಬೆನ್ನು ಕೊಟ್ಟು ರಸ್ತೆಯಲ್ಲೇ ಕೂತಳು. ಉಳಿದವರೂ ಅವಳ ಪಕ್ಕ ಕೂತರು.

ಏಳರ ಹೊತ್ತಿಗೆ ಮಾಲು ತುಂಬಲು ಕೊಡಿಕೊಂಡ ಚೆಕ್‌ಪೋಸ್ಟ್ ಕಡೆಯಿಂದ ಲಾರಿ ಬಂತು. ಹಾರನ್ನು ಒಂದೇ ಸಮ ಅರಚಿತು.

"ಎದ್ದೇಳೇ, ಹತ್ತಿಸ್ಬುಡ್ತಾನೆ!" ಗೇಟಿನ ಸಂದಿಯಿಂದ ಬೋರಪ್ಪ ಕಿರುಚಿದ.

"ಹತ್ತಿಸ್ಲಿ ಬಿಡು," ಎಂದಳು ಬೀರಕ್ಕ. ಚಕ್ರ ಅವಳ ಮೊಣಕಾಲಿನಿಂದ ಗೇಣು ದೂರದಲ್ಲಿ ನಿಂತಿತು. ಡ್ರೈವರ್ ತಲೆ ಹೊರಹಾಕಿ ನೋಡಿದ. ಇಂಜಿನ್ ಗುರುಗುಡುತ್ತಲೇ ಇತ್ತು; ಕೂತವರಲ್ಲಿ ಒಬ್ಬಳೂ ಏಳಲಿಲ್ಲ.